ಬೆನ್ನಮ್ಮನಿಗೆ ಉಪ್ಪು

ಅಜ್ಜಂಪುರ ದಾಟಿ ಶಿವನಿಯ ಕಡೆ ತಿರುಗುತ್ತಿದ್ದಂತೆ ಕೊಳೆತ ಈರುಳ್ಳಿಯ ವಾಸನೆ ಕಾರಿನೊಳಗೆ ನುಗ್ಗಿತು. ಓಂಕಾರೇಶ ಗಾಜು ಏರಿಸಿದ. ಏರಿಸಿದ ಮೇಲೆ ವಾಸನೆ ಹೊರಗೆ ಹೋಗಲು ದಾರಿಯಿಲ್ಲದೆ ಸೀಟಿನ ಬಟ್ಟೆಗೆ, ಮುಂದೆ ಕೂತಿದ್ದ ಧನುಶ್ರೀ ಮುಡಿದಿದ್ದ ಕಾಕಡದ ದಂಡೆಗೆ, ತನ್ನ ನಾಲಗೆಯ ಬುಡಕ್ಕೆ ಅಂಟಿಕೊಂಡು ಕೂತಿತೆಂದು ಹಿಂದಿನ ಸೀಟಿನಲ್ಲಿದ್ದ ಶ್ರೀಜಾಳಿಗೆ ಅನ್ನಿಸಿತು. ಬೆಳಿಗ್ಗೆಯಿಂದ ಅವಳಿಗೆ ಎಲ್ಲವೂ ಅಂಟುತ್ತಿತ್ತು. ಕಡೂರಿನಲ್ಲಿ ಹೊರಡುವಾಗ ಅಮ್ಮ ಹಣೆಗಿಟ್ಟ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಬೀರೂರಿನಲ್ಲಿ ಕುಡಿದ ಕಾಫಿಯ ಲೋಟದ ಅಂಚಿನಲ್ಲಿ ಯಾರದೋ ತುಟಿಯ ಗುರುತಿತ್ತು, ಅದನ್ನು ನೋಡಿಯೂ ಕುಡಿದಿದ್ದಳು. ಕುತ್ತಿಗೆವರೆಗೆ ಮುಚ್ಚುವ ಚೂಡಿದಾರದ ಬೆನ್ನು ಒದ್ದೆಯಾಗಿ, ಎರಡು ಹೆಗಲೆಲುಬಿನ ನಡುವೆ, ಸರಿಯಾಗಿ ಅಲ್ಲಿಯೇ, ಯಾರೋ ಅಂಗೈ ಇಟ್ಟಂತೆ ತಣ್ಣಗೆ ಒತ್ತಿಕೊಂಡಿತ್ತು. ತೊಡೆಯ ಮೇಲಿನ ಬ್ಯಾಗಿನಲ್ಲಿ ಅಮ್ಮ ತುಂಬಿಕೊಟ್ಟ ಸ್ಟೀಲು ಡಬ್ಬಿ. ಕಾರು ಗುಂಡಿಗೆ ಇಳಿದಾಗೆಲ್ಲ ಅದರೊಳಗಿನ ಕಲ್ಲುಪ್ಪು ಗಲ್ ಎನ್ನುತ್ತಿತ್ತು. ಆ ಸದ್ದು ಮುಂದಿನವರಿಗೆ ಕೇಳಿಸದಿರಲೆಂದು ಅವಳು ಕೆಮ್ಮುತ್ತಿದ್ದಳು.

"ಲೇ ಓಂಕಾರಿ, ಏಸಿ ಹಾಕೋ. ಹಿಂದೆ ನಮ್ಮತ್ತಿಗೆ ಬೆವರ್ತಾ ಇದಾಳೆ, ಕೆಮ್ತಾ ಇದಾಳೆ."

"ಡೀಸೆಲ್ ಏನ್ ನಿಮ್ಮಣ್ಣ ಹಾಕಿಸ್ತಾನಾ? ಅತ್ತಿಗೆ ಆಗೋದು ಶುಕ್ರವಾರ ಉಂಗುರ ಬಿದ್ದ ಮೇಲೆ. ಅಲ್ಲೀವರ್ಗೂ ಅವ್ಳು ನನ್ನ ಕ್ಲಾಸ್‌ಮೇಟು. ಬೆವರ್ಲಿ ಬಿಡು."

"ನೋಡೇ ಶ್ರೀಜಾ, ಮೊಬೈಲ್ ಅಂಗಡಿ ಇಟ್ಟ ಮೇಲೆ ಇವನ ನಾಲಗೆಗೆ ಸ್ಕ್ರೀನ್ ಗಾರ್ಡೇ ಇಲ್ಲ."

ಮುಂದಿನವರಿಬ್ಬರೂ ನಕ್ಕರು. ಶ್ರೀಜಾಳೂ ನಕ್ಕಳು. ಕಡೂರಿನ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು, ಒಂದೇ ಬಾಟಲಿಗೆ ಬಾಯಿ ಹಾಕಿ ನೀರು ಕುಡಿದವರು. ಈಗ ಧನುಶ್ರೀಯ ಅಣ್ಣ ಹೃಷಿಕೇಶ, ಲಕ್ಕವಳ್ಳಿ ಡ್ಯಾಮಿನ ಆಫೀಸಿನಲ್ಲಿ ಇಂಜಿನಿಯರು, ಶ್ರೀಜಾಳನ್ನು ಒಪ್ಪಿದ್ದ. ಅಣ್ಣ ಒಪ್ಪಿದ್ದಕ್ಕಿಂತ ಮೊದಲು ತಂಗಿ ಒಪ್ಪಿದ್ದಳು. ಆ ಮನೆಯಲ್ಲಿ ತಂಗಿಯ ಮಾತೇ ಮಾತು. 'ಅತ್ತಿಗೆ ಆಗಿಬಿಟ್ರೆ ನೀನು ಫ್ರೆಂಡಾಗಿ ಉಳಿಯಲ್ಲ ಕಣೇ, ಕೊನೇದಾಗಿ ಒಂದು ದಿನ ಎಲ್ಲಾದ್ರೂ ಹೋಗೋಣ' ಎಂದು ಅವಳೇ ಹೊರಡಿಸಿದ್ದು. ಬೆನ್ನಮ್ಮನ ಗುಡ್ಡ ಎಂದು ಸೂಚಿಸಿದವಳು ಮಾತ್ರ ಶ್ರೀಜಾ. ಮೇಲಿಂದ ಅಮೃತಮಹಲ್ ಕಾವಲಿನ ಹುಲ್ಲುಗಾವಲು ಹಸಿರಾಗಿ ಕಾಣುತ್ತದೆ, ರೈಲು ಹೋಗುವುದು ಆಟದ ಸಾಮಾನಿನಂತೆ ಕಾಣುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ ಎಂದಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸುಳ್ಳಿಲ್ಲದ ಮಾತುಗಳನ್ನೇ ಜೋಡಿಸಿ ಎಷ್ಟು ದೊಡ್ಡ ಸುಳ್ಳು ಕಟ್ಟಬಹುದೆಂಬುದು ಈ ಎರಡು ತಿಂಗಳಲ್ಲಿ ಅವಳಿಗೆ ಗೊತ್ತಾಗಿತ್ತು.

"ನಮ್ಮಣ್ಣನಿಗೆ ನಿನಗಿಂತ ಮುಂಚೆ ತರೀಕೆರೇದು ಒಂದು ಸಂಬಂಧ ಬಂದಿತ್ತು, ಹೇಳಿದ್ನಾ?" ಧನುಶ್ರೀ ಹಿಂದಕ್ಕೆ ತಿರುಗಿ, ಸೀಟಿನ ಮೇಲೆ ಗದ್ದವೂರಿದಳು. "ಹುಡುಗಿ ನೋಡೋಕೆ ಬೊಂಬೆ. ನಾನು ಸುಮ್ನೆ ಸೀರೆ ನೆರಿಗೆ ಸರಿಮಾಡೋ ಹಂಗೆ ಕೂತು ನೋಡ್ತೀನಿ, ಕಾಲಲ್ಲಿ ಬಿಳೀದು! ಅಲ್ಲೇ ವಾಂತಿ ಬಂದಂಗಾಯ್ತು. ಅವರಮ್ಮ ಸುಟ್ಟಗಾಯ ಅಂತಾರೆ. ಸುಟ್ಟಗಾಯ ಗೊತ್ತಾಗಲ್ವಾ ನಂಗೆ? ಮುಚ್ಚಿಟ್ಟು ಕೊಡೋಕೆ ನೋಡ್ತಾರಲ್ಲ, ಎಂಥಾ ಜನ."

"ಹೌದಲ್ವಾ" ಎಂದಳು ಶ್ರೀಜಾ. ತನ್ನ ದನಿ ಅಷ್ಟು ಸಲೀಸಾಗಿ ಬಂದದ್ದು ಕೇಳಿ ಅವಳಿಗೆ, ಊಟದ ಮಧ್ಯೆ ಬಾಯಿಗೆ ಕೂದಲು ಸಿಕ್ಕಂತಾಯಿತು.

ಅವಳ ಬೆನ್ನಿನ ಬಿಳಿ ಮಚ್ಚೆ ಮೊದಲು ಹುಣಿಸೆ ಬೀಜದಷ್ಟು ಇತ್ತಂತೆ, ಅಮ್ಮ ನೋಡಿದ್ದು. ಈಗ ವೀಳ್ಯದೆಲೆಯಷ್ಟು. ಅವಳ ಬೆನ್ನು, ಅವಳೇ ನೇರ ನೋಡಲಾರಳು. ಚಿಕ್ಕಮಗಳೂರಿನ ಡಾಕ್ಟರು ಅದನ್ನು ಬೆರಳಿನಿಂದ ಮುಟ್ಟಿ, ಇದು ಅಂಟುವುದಲ್ಲ, ಹಬ್ಬಬಹುದು, ಹಬ್ಬದೆಯೂ ಇರಬಹುದು ಎಂದು ಒಂದು ಮುಲಾಮು ಬರೆದುಕೊಟ್ಟಿದ್ದರು. ಅವರು ಮುಟ್ಟಿದ ಮೇಲೆ ಮೂಲೆಯ ನಲ್ಲಿಯಲ್ಲಿ ಕೈ ತೊಳೆಯುತ್ತಾರೋ ಎಂದು ಅವಳು ಕಾದು ನೋಡಿದ್ದಳು. ತೊಳೆಯಲಿಲ್ಲ. ಮನೆಗೆ ಬಂದು ಮುಲಾಮು ಹಚ್ಚಿದ ಅಮ್ಮ ತೊಳೆದಳು, ಸೋಪು ಹಾಕಿ, ಮೊಣಕೈವರೆಗೆ. ಶ್ರೀಜಾಳ ಕೆಲಸ ಕಡೂರಿನ ಒಂದು ಸ್ಟುಡಿಯೋದಲ್ಲಿ. ಮದುವೆಯ ಆಲ್ಬಮ್ಮುಗಳಿಗೆ ಹೋಗುವ ಮುಖಗಳ ಮೇಲಿನ ಮೊಡವೆ, ಕಲೆ, ಸುಕ್ಕುಗಳನ್ನು ಕಂಪ್ಯೂಟರಿನಲ್ಲಿ ಒರೆಸುವುದು. ಪಕ್ಕದ ಒಳ್ಳೆಯ ಚರ್ಮದಿಂದ ಒಂದು ಚೂರು ಎತ್ತಿ ಕೆಟ್ಟ ಚರ್ಮದ ಮೇಲೆ ಮೆತ್ತಿದರಾಯಿತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಫೋನಿನಲ್ಲಿ ತೆಗೆದ ತನ್ನ ಬೆನ್ನಿನ ಚಿತ್ರವನ್ನೇ ಹಾಕಿಕೊಂಡು ಒರೆಸಿದ್ದಳು. ಒರೆಸಿದ ಮೇಲೆ ಪರದೆಯ ತುಂಬ ಒಂದೇ ಬಣ್ಣದ, ಯಾರದೂ ಅಲ್ಲದ, ಸುಲಿದ ಆಲೂಗೆಡ್ಡೆಯಂಥ ಬೆನ್ನು. ಮಚ್ಚೆಯನ್ನು ನೋಡಿದಾಗ ಬರದಿದ್ದ ಓಕರಿಕೆ ಅದನ್ನು ನೋಡಿದಾಗ ಬಂದಿತ್ತು.

ಗುಡ್ಡದ ಬುಡದಲ್ಲಿ ಒಬ್ಬಳು ಗೋಣಿಯ ಮೇಲೆ ಉಪ್ಪಿನ ಗುಡ್ಡೆಗಳನ್ನು ಇಟ್ಟುಕೊಂಡಿದ್ದಳು. "ಉಪ್ಪು ತಗಳ್ರವ್ವಾ, ಬೆನ್ನಮ್ಮನಿಗೆ. ಮೈಮೇಲಿನ ಮಚ್ಚೆಗೆ, ತೊನ್ನಿಗೆ, ಹುಳುಕಡ್ಡಿಗೆ. ಅಂಗೈಲಿ ಇಟ್ಕಂಡು ಹತ್ತಿ ಹುಯ್ದ್ರೆ ಕರಗ್‌ಹೋದಂಗೆ ಹೋಯ್ತದೆ."

"ಥೂ, ಅದರ ದೇವಸ್ಥಾನನೇನೇ ಇದು?" ಧನುಶ್ರೀ ವೇಲಿನಿಂದ ಮೂಗು ಮುಚ್ಚಿದಳು. ಉಪ್ಪಿಗೆ ವಾಸನೆಯೆಲ್ಲಿ? ಉಪ್ಪಿನವಳ ಕಣ್ಣು ಮೂವರ ಮೇಲೂ ಹರಿದು, ಯಾಕೋ, ಶ್ರೀಜಾಳ ಮೇಲೆ ನಿಂತಿತು. "ನಮಗೆ ಬೇಡ. ನಮಗೆ ಏನೂ ಇಲ್ಲ" ಎಂದಳು ಶ್ರೀಜಾ, ಯಾರೂ ಕೇಳದಿದ್ದರೂ, ಸ್ವಲ್ಪ ಗಟ್ಟಿಯಾಗಿಯೇ.

ಬೇಡ ಎಂದವಳ ಬೆನ್ನ ಹಿಂದೆಯೇ ಒಬ್ಬ ಹೆಂಗಸು ಎರಡು ಕೈ ಬೊಗಸೆಯೊಡ್ಡಿ ಉಪ್ಪು ತುಂಬಿಸಿಕೊಂಡಳು. ಕೆಂಪು ಹತ್ತಿ ಸೀರೆ, ಬಾಯಲ್ಲಿ ಎಲೆಯಡಿಕೆ. ಮೊಣಕೈಯಿಂದ ಕೆಳಗೆ ಕೈಯೆಲ್ಲ ಬಿಳಿ, ನಡುನಡುವೆ ಕರಿಯ ದ್ವೀಪಗಳು. ತುಟಿಯ ಸುತ್ತ ಹಾಲು ಕುಡಿದು ಒರೆಸಿಕೊಳ್ಳದ ಮಗುವಿನಂತೆ. ಉಪ್ಪಿನವಳು ಅವಳನ್ನು ಹಾಲಮ್ಮ ಎಂದು ಕರೆದು, ಪಂಚನಹಳ್ಳಿಯಿಂದ ಎಷ್ಟೊತ್ತಿಗೆ ಬಸ್ಸು ಹತ್ತಿದೆ ಎಂದು ವಿಚಾರಿಸುತ್ತಿದ್ದಳು. ಮೂವರೂ ಬಿರುಸಾಗಿ ಮೆಟ್ಟಿಲು ಹತ್ತತೊಡಗಿದರು. ಹಾಲಮ್ಮನ ಉಸಿರು ಹಿಂದೆಯೇ ಬರುತ್ತಿತ್ತು. ಬೊಗಸೆಯನ್ನು ಎದೆಯ ಮುಂದೆ ಹಿಡಿದು, ಎಡವದಂತೆ, ಒಂದು ಹರಳೂ ಬೀಳದಂತೆ, ಮದುವೆಯ ಹುಡುಗಿ ಅಕ್ಷತೆ ಹಿಡಿದು ಬರುವ ಹಾಗೆ. ಎದುರಿಗೆ ಇಳಿದು ಬರುತ್ತಿದ್ದವರು ಅವಳ ಕೈ ನೋಡಿ, ಆಮೇಲೆ ಮುಖ ನೋಡಿ, ಪಕ್ಕಕ್ಕೆ ಸರಿಯುತ್ತಿದ್ದರು.

ಅರ್ಧ ದಾರಿಯ ಅರಳಿಕಟ್ಟೆಯಲ್ಲಿ ಅವರು ದಣಿವಾರಿಸಿಕೊಳ್ಳುವಾಗ ಹಾಲಮ್ಮ ಬಂದು ನೇರ ಶ್ರೀಜಾಳ ಮುಂದೆ ನಿಂತಳು. "ಮಗಾ, ಒಂದೀಟು ನೀರು ಬಾಯಿಗೆ ಹುಯ್ಯವ್ವಾ. ಕೈ ಬಿಡಂಗಿಲ್ಲ."

"ಕೈಚೀಲದಲ್ಲಿ ತರಬಹುದಿತ್ತಲ್ಲಮ್ಮ?" ಎಂದ ಓಂಕಾರೇಶ.

"ಮುಚ್ಕಂಡು ತಂದ ಉಪ್ಪು ಅಮ್ಮ ಮುಟ್ಟಾಕಿಲ್ಲ ಕಣಪ್ಪಾ. ನಾಕು ಜನ ನೋಡ್ಬೇಕು. ನೋಡಿದೋರ ಕಣ್ಣಾಗೇ ಅರ್ಧ ಕರಗ್ತದಂತೆ."

ಶ್ರೀಜಾ ಬಾಟಲಿಯನ್ನು ಎತ್ತರಕ್ಕೆ ಹಿಡಿದು ಸುರಿದಳು. ತಾಗಬಾರದೆಂದು ಇನ್ನೂ ಎತ್ತರಕ್ಕೆ ಹಿಡಿದಳು. ನೀರು ಮೂಗಿಗೆ, ಗದ್ದಕ್ಕೆ ಬಿದ್ದು ಎಲೆಯಡಿಕೆಯ ಕೆಂಪಿನೊಡನೆ ಕುತ್ತಿಗೆಗಿಳಿಯಿತು. ಒಂದು ಹನಿ ಹಾರಿ ಶ್ರೀಜಾಳ ಮುಂಗೈಗೆ ಬಿತ್ತು. ತನ್ನ ಬೆನ್ನಿನಲ್ಲಿರುವುದೇ ಇದು, ಅದೇ ಇದು ಎಂದುಕೊಂಡರೂ ಕೈ ತಾನಾಗಿ ವೇಲಿಗೆ ಹೋಗಿ ಆ ಹನಿಯನ್ನು ಉಜ್ಜಿ ಉಜ್ಜಿ ಒರೆಸಿತು. ಹಾಲಮ್ಮ ಒರೆಸುವುದನ್ನೇ ನೋಡುತ್ತ ನಿಂತಿದ್ದಳು. "ಬಾಟ್ಲಿ ನೀವೇ ಇಟ್ಕೊಳ್ಳಿ" ಎಂದಳು ಶ್ರೀಜಾ, ದೊಡ್ಡ ಉಪಕಾರ ಮಾಡುವವಳಂತೆ.

"ಇಟ್ಕಂಡು ಎಲ್ಲಿಡ್ಲಿ ಮಗಾ? ಕೈ ತುಂಬೈತೆ." ಹಾಲಮ್ಮ ನಕ್ಕಳು. ನಗುವಿನಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು. ಕೊನೆಗೆ ಸೊಂಟ ತಿರುಗಿಸಿ ತೋರಿಸಿದಳು, ಶ್ರೀಜಾ ಎರಡು ಬೆರಳಲ್ಲಿ ಹಿಡಿದು ಬಾಟಲಿಯನ್ನು ಅವಳ ಸೊಂಟದ ಸೆರಗಿಗೆ ಸಿಕ್ಕಿಸಿದಳು.

ಗುಡಿಯ ಬಾಗಿಲು ಹಾಕಿತ್ತು. ಪೂಜಾರಿ ಊಟಕ್ಕೆ ಕೆಳಗಿಳಿದಿದ್ದಾನೆ, ಬರುತ್ತಾನೆ ಎಂದರು. ಕಂಬಿಯ ಸಂದಿಯಿಂದ ಒಳಗಿನ ಬೆನ್ನು ಕಾಣುತ್ತಿತ್ತು. ಕಲ್ಲಿನ ಅಮ್ಮ ಗೋಡೆಗೆ ಮುಖ ಮಾಡಿ, ಬಂದವರಿಗೆ ಬೆನ್ನು ಹಾಕಿ ಕೂತಿದ್ದಳು. ಅವಳ ಮುಖವನ್ನು ಈವರೆಗೆ ಯಾರೂ ನೋಡಿಲ್ಲವಂತೆ. ಬೆನ್ನಿನ ತುಂಬ ಎಣ್ಣೆಯ ಜಿಡ್ಡು, ಜಿಡ್ಡಿನ ಮೇಲೆ ಉಪ್ಪಿನ ಹಕ್ಕಳೆ. ಬುಡದ ಕಲ್ಲುಬಾನಿಯಲ್ಲಿ ಎಷ್ಟೋ ಜನರ ಉಪ್ಪು ಕರಗಿ ಬೂದುಬಣ್ಣದ ನೀರಾಗಿ ನಿಂತಿತ್ತು. ಅದರಲ್ಲಿ ಒಂದು ಜಿರಲೆ ಬೆನ್ನು ಕೆಳಗಾಗಿ ತೇಲುತ್ತಿತ್ತು. ಅಜ್ಜಿಯ ಕತೆಯಲ್ಲಿ ಇದೆಲ್ಲ ಇರಲಿಲ್ಲ. ಅಜ್ಜಿಯ ಕತೆಯಲ್ಲಿ ಬೆನ್ನಮ್ಮ ಹಸುಗೂಸಾಗಿದ್ದಾಗ ತಾಯಿ ಅಂಗಳದಲ್ಲಿ ಮಲಗಿಸಿ ಮರೆತಳು, ಕೂಸು ಅತ್ತಿತು, ಚಂದ್ರ ಇಳಿದು ಬಂದು ಬೆನ್ನು ತಟ್ಟಿ ಮಲಗಿಸಿದ, ಅವನ ಅಂಗೈ ಅಚ್ಚು ಅಲ್ಲೇ ಉಳಿಯಿತು. ದೊಡ್ಡವಳಾದಳು, ಮದುವೆ ಗೊತ್ತಾಯಿತು. ಅರಿಶಿಣ ಹಚ್ಚುವಾಗ ಗಂಡಿನ ತಂಗಿ ಆ ಅಚ್ಚನ್ನು ನೋಡಿ ಕಿರುಚಿದಳು, ದಿಬ್ಬಣ ಹಿಂದಕ್ಕೆ ಹೋಯಿತು. ಮೈಮೇಲಿನ ಹಸಿ ಅರಿಶಿಣದಲ್ಲೇ ಬೆನ್ನಮ್ಮ ಗುಡ್ಡ ಹತ್ತಿ ಕೂತಳು. ಊರಿನವರು ಬಂದು ಮುಖ ತೋರಿಸು ತಾಯಿ ಎಂದರೆ, 'ಮುಖ ತೋರ್ಸಿದ್ರೆ ಬೆನ್ನು ಕೇಳ್ತೀರಿ, ಬೆನ್ನೇ ನೋಡ್ಕಳಿ' ಎಂದಳಂತೆ. ಅಜ್ಜಿ ಈ ಕತೆ ಹೇಳುವಾಗ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು, ಶ್ರೀಜಾ ಅವಳ ಬೆನ್ನು ಕೆರೆಯುತ್ತಿದ್ದಳು. ಆ ಬೆನ್ನಿನಲ್ಲಿಯೂ ಒಂದು ಬಿಳಿಯ ಅಚ್ಚು. ಅದು ಚಂದ್ರನ ಕೈಯೇ ಎಂದು ನಂಬಿ ಅದರ ಮೇಲೆ ತನ್ನ ಪುಟ್ಟ ಅಂಗೈ ಇಟ್ಟು ಅಳೆಯುತ್ತಿದ್ದಳು, ಕೆನ್ನೆ ಒತ್ತಿ ನಿದ್ದೆ ಹೋಗುತ್ತಿದ್ದಳು. ಆಗ ಅಸಹ್ಯವೆಂಬುದು ಎಲ್ಲಿತ್ತು? ಅಮ್ಮ ಅವಳನ್ನು ಬಚ್ಚಲಿಗೆ ಎಳೆದೊಯ್ದು ಕೆನ್ನೆಗೆ ಸೋಪು ಹಚ್ಚಿ ತಿಕ್ಕುತ್ತಿದ್ದಳಲ್ಲ, ಬಹುಶಃ ಆ ಸೋಪಿನ ನೊರೆಯಲ್ಲಿ.

"ಬಾರೇ, ಪೂಜಾರಿ ಬರೋದ್ರೊಳಗೆ ತಿಂದ್ಬಿಡೋಣ." ಧನುಶ್ರೀ ಬಂಡೆಯ ನೆರಳಿನಲ್ಲಿ ಪೇಪರು ಹಾಸಿ ಪುಳಿಯೋಗರೆ ಬಿಚ್ಚಿದ್ದಳು. ಹರಕೆಯವರು ಉಪ್ಪು ಹುಯ್ಯುವವರೆಗೆ ಉಣ್ಣಬಾರದು. ಶ್ರೀಜಾ ಹೊಟ್ಟೆ ಸರಿಯಿಲ್ಲ ಎಂದಳು. "ಹೊಟ್ಟೆನೋ, ನಮ್ಮಣ್ಣನ ಹೆಸರಲ್ಲಿ ಉಪವಾಸನೋ?" ಎಂದು ಕಣ್ಣು ಹೊಡೆದ ಧನುಶ್ರೀ, ಸೀಬೆಕಾಯಿ ಹೆಚ್ಚಿಕೊಂಡು, ಶ್ರೀಜಾಳ ಬ್ಯಾಗಿಗೆ ಕೈ ಹಾಕಿದಳು. ಅವರ ನಡುವೆ ಬ್ಯಾಗು ನಿನ್ನದು ನನ್ನದು ಎಂಬುದು ಎಂದೂ ಇರಲಿಲ್ಲ. "ರಾಧಮ್ಮಾಂಟಿ ಏನಾದ್ರೂ ಕಟ್ಟಿರ್ತಾರೆ... ನೋಡ್ದಾ! ಸೀಬೆಕಾಯಿ ತರ್ತೀನಿ ಅಂದಿದ್ದಕ್ಕೆ ಉಪ್ಪು ಕಳಿಸಿದಾರೆ. ಅತ್ತೆಮ್ಮ ಅಂದ್ರೆ ಹಿಂಗಿರ್ಬೇಕು ಕಣೋ ಓಂಕಾರಿ, ನಮ್ಮಣ್ಣ ಪುಣ್ಯ ಮಾಡಿದ್ದ."

ಬೇಡ ಎನ್ನಲು ಒಂದು ಕ್ಷಣವಿತ್ತು. ಆ ಕ್ಷಣ ಎಷ್ಟು ಉದ್ದವಿತ್ತೆಂದರೆ ಶ್ರೀಜಾ ಅದರೊಳಗೆ ಕೂತು ಎಲ್ಲವನ್ನೂ ನೋಡಿದಳು. ಧನುಶ್ರೀಯ ಬೆರಳು ಹರಳುಗಳನ್ನು ಚಿವುಟಿ ಪುಡಿ ಮಾಡುವುದು, ಸೀಬೆಯ ಬಿಳಿಯ ತಿರುಳಿನ ಮೇಲೆ ಅವು ಬೆವರುವುದು, ನಾಲಗೆ ಮುಂದೆ ಬಂದು ತುಟಿಯ ಅಂಚಿನ ಉಪ್ಪನ್ನು ನೆಕ್ಕಿಕೊಂಡು ಒಳಗೆ ಹೋಗುವುದು. ಹರಕೆಯ ಉಪ್ಪನ್ನು ಬೇರೆಯವರು ತಿಂದರೆ ಮಚ್ಚೆ ಮನೆ ಬದಲಾಯಿಸುತ್ತೆ ಎನ್ನುತ್ತಿದ್ದಳು ಅಜ್ಜಿ. ಅದನ್ನು ನಂಬುವಷ್ಟು ದಡ್ಡಿಯೇನಲ್ಲ ಶ್ರೀಜಾ. ಆದರೆ ಉಪ್ಪು ಹುಯ್ದರೆ ಮಚ್ಚೆ ಹೋಗುತ್ತದೆಂದು ಡಬ್ಬಿ ಹೊತ್ತು ಬಂದವಳಿಗೆ ಇದನ್ನು ಮಾತ್ರ ನಂಬದಿರಲು ಯಾವ ಹಕ್ಕು? ಧನುಶ್ರೀ ಜಗಿಯುತ್ತಿದ್ದಳು. ಶ್ರೀಜಾಳ ಕಣ್ಣು ಅವಳ ಗಂಟಲಿನ ಮೇಲಿತ್ತು. ನುಂಗಿತು. ಅದು ಇಳಿದ ಹಾಗೆ ತನ್ನ ಬೆನ್ನಿನಲ್ಲಿ ಒಂದು ಹಗುರ, ಬೆಚ್ಚನೆಯ ಸುಖ ಹರಡುವುದು ಅವಳಿಗೆ ಗೊತ್ತಾಯಿತು. ಹೋಗಲಿ, ಅವಳಿಗೇ ಹೋಗಲಿ, ಅವಳ ಆ ನುಣುಪು ಕುತ್ತಿಗೆಗೆ, ಇನ್ನೊಬ್ಬಳ ಕಾಲು ನೋಡಿ ವಾಂತಿ ಬರಿಸಿಕೊಂಡವಳಿಗೆ. ಅಂದುಕೊಂಡು ಮುಗಿಯುವ ಮೊದಲೇ ಆ ಸುಖ ಹಳಸಿತು. ಇಷ್ಟು ಹೊತ್ತು ವಾಸನೆ ಬರುತ್ತಿದ್ದುದು ಈರುಳ್ಳಿಯದಲ್ಲ, ಬಾನಿಯದಲ್ಲ, ತನ್ನೊಳಗಿಂದಲೇ ಎನ್ನಿಸಿತು. ಇನ್ನೊಂದು ತುಂಡಿಗೆ ಉಪ್ಪು ಸವರಿ ಧನುಶ್ರೀ ಅವಳ ಬಾಯಿಯ ಹತ್ತಿರ ತಂದಳು. "ಒಂದೇ ಒಂದು ತಿನ್ನೇ. ನಾದಿನಿ ಕೈತುತ್ತು." ಶ್ರೀಜಾ ಮುಖ ತಿರುಗಿಸಿದಳು. ತಿರುಗಿಸಿದ ಕಡೆ ಹಾಲಮ್ಮ ಗುಡಿಯ ಹೊಸಿಲ ಬಳಿ, ಬಿಸಿಲಿನಲ್ಲಿ, ಬೊಗಸೆ ಹಿಡಿದು ಹಾಗೆಯೇ ಕೂತಿದ್ದಳು. ಉಪ್ಪು ಕರಗಿ ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು.

ಪೂಜಾರಿ ಬಾಯಿ ಒರೆಸಿಕೊಳ್ಳುತ್ತ ಬಂದು ಬೀಗ ತೆಗೆದ. ಗಂಟೆ ಹೊಡೆದು, ಬಸ್ಸಿನ ಕಂಡಕ್ಟರ್ ಊರು ಕೂಗುವ ದನಿಯಲ್ಲಿ ಕೂಗಿದ: "ಉಪ್ಪಿನೋರು ಯಾರ್‍ಯಾರಿದೀರಿ, ಮುಂದಕ್ಕೆ ಬನ್ನಿ. ಅಂಗೈ ಕಾಣಂಗೆ ಹಿಡೀರಿ. ಮಿಕ್ಕೋರು ಹಿಂದಕ್ಕೆ."

ಹಾಲಮ್ಮ ಎದ್ದು ಮುಂದೆ ಹೋದಳು. ಮಿಕ್ಕವರು ಹಿಂದಕ್ಕೆ ಸರಿದರು. ಧನುಶ್ರೀ ಶ್ರೀಜಾಳ ತೋಳು ಹಿಡಿದು ತನ್ನ ಕಡೆ ಎಳೆದುಕೊಂಡಳು. "ಈ ಕಡೆ ಬಾರೇ, ಅವಳ ಮೈ ತಾಗೀತು." ಆ ಕೈ ಬೆಚ್ಚಗಿತ್ತು, ಕಾಲೇಜಿನ ದಿನಗಳಲ್ಲಿ ಇದ್ದಷ್ಟೇ. ಶ್ರೀಜಾ ಆ ಕೈಯನ್ನು ಬಿಡಿಸಿಕೊಂಡಳು. ಧೈರ್ಯ ಬಂದಿರಲಿಲ್ಲ, ಕಕ್ಕಸಿಗೆ ಓಡುವವರಿಗೆ ಬರುವಂಥದೊಂದು ಅವಸರ ಬಂದಿತ್ತು. ಬಂಡೆಯ ಬಳಿ ಹೋಗಿ, ಸೀಬೆಯ ಬೀಜ, ಪುಳಿಯೋಗರೆಯ ಅಗುಳು ಮೆತ್ತಿದ ಪೇಪರಿನ ಮೇಲಿಂದ ಡಬ್ಬಿಯೆತ್ತಿ, ಉಳಿದ ಉಪ್ಪನ್ನು ಎಡಗೈ ಬಲಗೈ ಸೇರಿಸಿ ಬೊಗಸೆಗೆ ಸುರಿದುಕೊಂಡಳು. ಬೊಗಸೆ ಎದೆಯ ಮುಂದೆ ಹಿಡಿದಳು. ಜನ ನೋಡಿದರು. ಮೊದಲು ಕೈ, ಆಮೇಲೆ ಮುಖ, ಆಮೇಲೆ ಎಲ್ಲಿದೆ ಎಂದು ಮೈಯೆಲ್ಲ ಹುಡುಕುವ ಕಣ್ಣು.

"ಏನೇ ಇದು ಹುಡುಗಾಟ?" ಧನುಶ್ರೀ ನಕ್ಕಳು. ನಗು ಅರ್ಧಕ್ಕೆ ನಿಂತಿತು. "ಶ್ರೀಜಾ, ಅದು ನಾನ್ ತಿಂದ ಉಪ್ಪಲ್ವೇನೇ?"

"ಹೌದು. ನನ್ನ ಹರಕೇದು. ಬೆನ್ನಲ್ಲಿದೆ."

ಧನುಶ್ರೀ ಬಂಡೆಯಾಚೆಗೆ ಓಡಿದಳು. ಬೆರಳು ಗಂಟಲಿಗೆ ಹಾಕಿಕೊಂಡು ಕಾರಿಕೊಳ್ಳುವ ಸದ್ದು, ಮತ್ತೆ ಮತ್ತೆ, ಹೊಟ್ಟೆಯಲ್ಲಿ ಏನೂ ಉಳಿಯದ ಮೇಲೂ ಬಿಡದ ಸದ್ದು. ಶ್ರೀಜಾ ಹತ್ತಿರ ಹೋದಳು. ಬೊಗಸೆ ಬಿಟ್ಟು ಬೆನ್ನು ಸವರಬೇಕೋ ಬೇಡವೋ ತಿಳಿಯದೆ ನಿಂತಳು. "ಮುಟ್ಟಬೇಡ ನನ್ನ" ಎಂದಳು ಧನುಶ್ರೀ. ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು. "ಗೊತ್ತಿದ್ದೂ ನೋಡ್ತಾ ಕೂತಿದ್ಯಲ್ಲೇ. ಬಾಯಿ ಬಿಟ್ಟು ಒಂದ್ ಮಾತು ಹೇಳೋಕೆ ಆಗ್ಲಿಲ್ವಾ?"

ಮಚ್ಚೆ ಮುಚ್ಚಿಟ್ಟದ್ದಕ್ಕೆ ಶ್ರೀಜಾಳ ಬಳಿ ಉತ್ತರವಿತ್ತು, ಎಷ್ಟೋ ರಾತ್ರಿ ಜೋಡಿಸಿಟ್ಟುಕೊಂಡಿದ್ದಳು. ಇದಕ್ಕೆ ಇರಲಿಲ್ಲ. ಅಷ್ಟರಲ್ಲಿ ಬ್ಯಾಗಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ನಿಂತು, ಮತ್ತೆ ಹೊಡೆದುಕೊಂಡಿತು. ಏನು ಮಾಡಬೇಕೆಂದು ತೋಚದೆ ನಿಂತಿದ್ದ ಓಂಕಾರೇಶ, ಮಾಡಲು ಒಂದು ಕೆಲಸ ಸಿಕ್ಕಿತೆಂಬಂತೆ ಅದನ್ನು ತೆಗೆದು, ಶ್ರೀಜಾಳ ತುಂಬಿದ ಕೈ ನೋಡಿ, ಸ್ಪೀಕರ್ ಒತ್ತಿ ಅವಳ ಮುಖದ ಮುಂದೆ ಹಿಡಿದ. ಅಮ್ಮನ ದನಿ ಬಂಡೆಗೆಲ್ಲ ಕೇಳುವಂತೆ ಬಂತು. "ಉಪ್ಪು ಹಾಕಿದ್ಯೇನೇ? ಮುಚ್ಕೊಂಡೇ ಹಾಕು. ಧನು ಹತ್ರದಲ್ಲಿಲ್ಲ ತಾನೆ? ಯಾರೂ ನೋಡ್ಲಿಲ್ಲ ತಾನೆ?"

ಧನುಶ್ರೀ ಬಾಯಿ ಒರೆಸಿಕೊಳ್ಳುವುದನ್ನು ನಿಲ್ಲಿಸಿ ತಲೆಯೆತ್ತಿದಳು.

"ಎಲ್ರೂ ನೋಡಿದ್ರಮ್ಮ" ಎಂದಳು ಶ್ರೀಜಾ. "ಧನು ಇಲ್ಲೇ ಇದಾಳೆ."

ಆ ಕಡೆ ಬರೀ ಕುಕ್ಕರಿನ ಸದ್ದು. ಓಂಕಾರೇಶ ಫೋನನ್ನು ಬಿಸಿಯೆನ್ನುವಂತೆ ಬ್ಯಾಗಿನೊಳಗೆ ಬಿಟ್ಟ.

ಗುಡಿಯೊಳಗೆ ಹೋದಾಗ ಹಾಲಮ್ಮ ಹುಯ್ದು ಮುಗಿಸಿ ಪಕ್ಕಕ್ಕೆ ನಿಂತಿದ್ದಳು. ಶ್ರೀಜಾ ಕಲ್ಲಿನ ಬೆನ್ನ ಮೇಲೆ ಬೊಗಸೆ ಬೋರಲು ಹಾಕಿದಳು. ಬೆವರಿಗೆ ಅರ್ಧ ಕರಗಿದ್ದ ಉಪ್ಪು ಉದುರದೆ ಅಂಗೈಗೇ ಮೆತ್ತಿತ್ತು, ತಿಕ್ಕಿ ಬಿಡಿಸಬೇಕಾಯಿತು. ಜಿಡ್ಡು, ಹಕ್ಕಳೆ, ಯಾರು ಯಾರದೋ ಕೈಯ ಬೆವರು. ಅಜ್ಜಿಯ ಬೆನ್ನಿನ ಬಿಸುಪು ಅಲ್ಲಿರಬಹುದೆಂದು ಎಲ್ಲೋ ಆಸೆಯಿತ್ತೇನೋ. ಇರಲಿಲ್ಲ. ಕಲ್ಲು, ಅಷ್ಟೆ. ಬಾನಿಯಲ್ಲಿ ಜಿರಲೆ ಇನ್ನೊಂದು ಸುತ್ತು ತಿರುಗಿತು. "ಆಯ್ತಲ್ಲ, ಸರೀರಿ" ಎಂದ ಪೂಜಾರಿ.

ಹೊರಗೆ ಬಂದಾಗ ಧನುಶ್ರೀ ಮೆಟ್ಟಿಲಿನ ಮೇಲೆ ಅಣ್ಣನಿಗೆ ಫೋನು ಹಚ್ಚುತ್ತಿದ್ದಳೋ, ಹಚ್ಚಬೇಕೆಂದು ಫೋನು ನೋಡುತ್ತಿದ್ದಳೋ. ಶ್ರೀಜಾ ಕಂಬಕ್ಕೆ ಒರಗಿದಳು. ಬಾಯಿ ಒಣಗಿ ನಾಲಗೆ ಅಂಗುಳಿಗೆ ಅಂಟಿತ್ತು. ಕೈಯೆಲ್ಲ ಎಣ್ಣೆ, ಉಪ್ಪಿನ ರಾಡಿ. ಹಾಲಮ್ಮ ಸೊಂಟದಿಂದ ಬಾಟಲಿ ತೆಗೆದಳು.

"ಬಾಯಿ ತಗೀ ಮಗಾ. ಎತ್ತಿ ಹುಯ್ತೀನಿ, ತಾಗ್ಸಾಕಿಲ್ಲ." ಅವಳು ಬಾಟಲಿಯನ್ನು ಎತ್ತರಕ್ಕೆ, ಇನ್ನೂ ಎತ್ತರಕ್ಕೆ ಹಿಡಿದಳು, ಶ್ರೀಜಾ ಹಿಡಿದಿದ್ದ ಹಾಗೆಯೇ.

ಬಾಟಲಿಯ ಬಾಯಿಯ ಸುತ್ತ ಎಲೆಯಡಿಕೆಯ ಕೆಂಪು ಗುರುತಿತ್ತು. ಉಪ್ಪು ಹುಯ್ದು ಕೈ ಬಿಡುವಾದ ಮೇಲೆ ಬಾಯಿ ಹಾಕಿಯೇ ಕುಡಿದಿದ್ದಾಳೆ. ಧನುಶ್ರೀ ಇತ್ತಲೇ ನೋಡುತ್ತಿದ್ದಳು. ಅವಳು ನೋಡಲೆಂದೋ, ತನಗೆ ತಾನೇ ಮಾಡಿಕೊಳ್ಳುವ ಶಿಕ್ಷೆಯೋ, ಬರೀ ಬಾಯಾರಿಕೆಯೋ ತಿಳಿಯದೆ ಶ್ರೀಜಾ ತನ್ನ ಉಪ್ಪುಗೈಯಿಂದ ಹಾಲಮ್ಮನ ಬಿಳಿಯ ಮಣಿಕಟ್ಟನ್ನು ಹಿಡಿದು ಕೆಳಗೆಳೆದು, ಬಾಟಲಿಗೆ ಬಾಯಿ ಹಾಕಿದಳು. ನೀರು ಬಿಸಿಲಿಗೆ ಬೆಚ್ಚಗಾಗಿತ್ತು, ಸುಣ್ಣದ ವಾಸನೆಯಿತ್ತು. ಉಗಿಯಬೇಕೆನ್ನಿಸಿತು, ಎರಡು ಸಲ ಅನ್ನಿಸಿತು. ಕಣ್ಣು ಮುಚ್ಚಿ ನುಂಗಿದಳು.